ನಮ್ಮ ಮದುವೆ ಊಟ, ನಮ್ಮ ಹೊಲದ ಕಾಳು: 800 ಮಂದಿಯ ಪಂಕ್ತಿಗೆ ಪಕ್ಕಾ ಲೆಕ್ಕ

ಈ ವಾರ ಬೀಜ-ಗೊಬ್ಬರದ ಮಾತಿಲ್ಲ. ಹೊಲದಾಗ ಬೆಳೆದ ಜೋಳ, ಗೋಧಿ, ಬದನೆಕಾಯಿಯನ್ನು ನಮ್ಮ ಮದುವೆಯಲ್ಲೇ ಊಟಕ್ಕೆ ಹಾಕೋದು ಹೇಗೆ ಅಂತ ಬರೀತೀನಿ. ಈಚೆಗೆ ಬೈಲಹೊಂಗಲ ಪೇಟೆಗೆ ಹೋದ್ರೂ, ಸವದತ್ತಿ ಬಸ್ ಸ್ಟ್ಯಾಂಡಿನಾಗ ನಿಂತ್ರೂ ಒಬ್ಬರಲ್ಲ ಒಬ್ಬರು ಕೇಳ್ತಾರೆ: "ಮುರಗೋಡದಾಗ ನಿಮ್ಮ ಆರತಕ್ಷತಿಗೆ ನೀವ ಅಡಗಿ ಮಾಡಿಸಿದ್ರಂತಲ್ಲ, ಖರ್ಚ ಎಷ್ಟ ಬಂತಪಾ?" ಖರ್ಚಿನ ಲೆಕ್ಕ ಪೂರ್ತಿ ಕೊಡ್ತೀನಿ. ಆದರೆ ಅದಕ್ಕಿಂತ ಮೊದಲು ಹೇಳಬೇಕಾದ ಮಾತು ಒಂದೈತಿ. ಮನೆಯಡುಗೆ ಅಗ್ಗ ಆಗೋದು ಕಾಳು ನಮ್ಮದು ಅನ್ನೋ ಕಾರಣಕ್ಕಲ್ಲ. ಏನು ಬಡಿಸ್ತೀವಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಪೇಟೆಯ ಮೆನು ಇಟ್ಟುಕೊಂಡು ಮನೆಯಲ್ಲಿ ಅಡುಗೆ ಮಾಡಲಿಕ್ಕೆ ಹೋದರೆ ದುಡ್ಡೂ ಹೋಗ್ತದೆ, ಮಂದಿಯ ಆರೋಗ್ಯಾನೂ ಹೋಗ್ತದೆ.

ನಮ್ಮ ಮನೆಯಲ್ಲಿ ಈ ವಿಚಾರ ಹುಟ್ಟಿದ್ದು ಸಾಲದಿಂದ. ಅಕ್ಕನ ಮದುವೆಗೆ ಅಪ್ಪ ಕೈಗಡ ತಂದಿದ್ದು ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ. ವರ್ಷಕ್ಕೆ 36 ರೂಪಾಯಿ ಆಯ್ತು. ಅದನ್ನ ತೀರಿಸಲಿಕ್ಕೆ ನಾಲ್ಕು ಸುಗ್ಗಿ ಬೇಕಾದವು. ನಮ್ಮ ಕಡೆ ಎಷ್ಟೋ ಮಂದಿ ಸಹಕಾರ ಸಂಘದ ಬೆಳೆಸಾಲವನ್ನೇ ಮದುವೆಗೆ ತಿರುಗಿಸ್ತಾರೆ. ಆ ಸಾಲ ಶೂನ್ಯ ಬಡ್ಡಿ ಖರೆ, ಆದರೆ ಗಡುವಿನೊಳಗೆ ತುಂಬಿದವರಿಗೆ ಮಾತ್ರ. ಬೀಜಕ್ಕೆ ಹಾಕಿದ ದುಡ್ಡು ಕಾಳಾಗಿ ತಿರುಗಿ ಬರ್ತದೆ, ಐಸ್‌ಕ್ರೀಮಿಗೆ ಹಾಕಿದ್ದು ಎಲ್ಲಿಂದ ಬರಬೇಕು?

ನನ್ನ ಮದುವೆ ನಿಶ್ಚಯವಾದಾಗ ಒಬ್ಬ ಕೇಟರಿಂಗ್‌ನವರನ್ನ ಕೇಳಿದ್ವಿ. ತಾಟಿಗೆ 180 ರೂಪಾಯಿ, 800 ತಾಟು ಅಂದರೆ 1,44,000. ಮಂದಿ ಕಡಿಮೆ ಬಂದರೂ 800ರ ದುಡ್ಡು ಕೊಡಲೇಬೇಕು ಅಂದರು. ಅವರ ಲೆಕ್ಕ ಅವರಿಗೆ ಸರಿ. ಆ ರಾತ್ರಿ ಅಪ್ಪ ಏನೂ ಮಾತಾಡಲಿಲ್ಲ. ಅವ್ವ ಮಾತ್ರ ಅಂದಳು: "ಜಾತ್ರಿಗೆ ಸಾವಿರಗಟ್ಲೆ ಮಂದಿಗೆ ದಾಸೋಹ ಮಾಡೋ ಊರಿದು. ನಮ್ಮ ಮನಿ ಎಂಟನೂರ ಮಂದಿಗೆ ಯಾಕ ಆಗಂಗಿಲ್ಲ?"

ರಾಮದುರ್ಗ ತಾಲೂಕಿನ ಬೀಗರ ಊರಲ್ಲಿ ಅಕ್ಕಿಕಾಳು, ಮರುದಿನ ಸಂಜೆ ಮುರಗೋಡದಲ್ಲಿ ನಮ್ಮ ಕಣದಲ್ಲೇ ಹಂದರ ಹಾಕಿ ಆರತಕ್ಷತೆ ಅಂತ ಮಾತಾಯ್ತು. ಬೀಗರ ಕಡೆಯ ಸೋದರಮಾವ ಮೊದಲಿಗೆ ಒಪ್ಪಲಿಲ್ಲ. "ಗೋಬಿ ಇಲ್ಲ, ಪನೀರ್ ಇಲ್ಲ ಅಂದ್ರ ಮಂದಿ ಏನಂತಾರ್ರೀ? ನಮ್ಮ ಹುಡಗಿ ಮರ್ಯಾದಿ ಪ್ರಶ್ನೆ ಐತಿ" ಅಂದರು. ಅವರ ಮಾತನ್ನ ಹಗುರವಾಗಿ ತಗೋಬಾರದು. ಊಟ ಕಡಿಮೆ ಬಿದ್ದರೆ ಅಥವಾ ಕೆಟ್ಟರೆ ಹತ್ತು ವರ್ಷ ಮಂದಿ ಆಡಿಕೊಳ್ತಾರೆ, ಮತ್ತೆ ಆ ಮಾತು ಕೇಳಬೇಕಾದವಳು ಹುಡುಗಿ. ಅವರಿಗೆ ಉತ್ತರ ಕೊಟ್ಟವಳು ನನ್ನಾಕೆಯೇ: "ಮಾಮಾ, ಹುಗ್ಗಿ ಹಾಕಿದ ಮದವಿಗೆ ಯಾರರೆ ಹೆಸರಿಟ್ಟಾರೇನು?"

ಬಿತ್ತೋವಾಗಲೇ ಲಗ್ನದ ಲೆಕ್ಕ

ನಮ್ಮದು ಎರೆ ಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ. ಏಪ್ರಿಲ್ ಕೊನೆಗೆ ಮದುವೆ ಅಂತಾದರೆ ಅಡುಗೆಯ ಅರ್ಧ ತಯಾರಿ ಅಕ್ಟೋಬರಿನಲ್ಲೇ ಶುರು. ಆ ವರ್ಷ 10 ಗುಂಟೆಯಲ್ಲಿ ಜವೆ ಗೋಧಿ ಹಾಕಿದ್ವಿ. ಕೆಲವರು ಇದಕ್ಕೆ ಸದಕ ಅಂತಾರೆ, ಮರಾಠಿ ಕಡೆಯವರು ಖಪ್ಲಿ ಅಂತಾರೆ. ಹುಗ್ಗಿಗೆ ಇದೇ ಬೇಕು. ಎಷ್ಟು ಹೊತ್ತು ಬೆಂದರೂ ಕಾಳು ಕಾಳಾಗಿ ಉಳೀತದೆ, ಅಂಟಿನಂಗ ಆಗೋದಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1025, ಡಿಡಿಕೆ-1029 ತಳಿಗಳು ಗಿಡ್ಡವಾಗಿ ಬೆಳೆಯೋದರಿಂದ ಬೀಳೋದು ಕಡಿಮೆ. ಜವೆಗೆ ಸಿಪ್ಪೆ ಅಂಟಿಕೊಂಡಿರ್ತದೆ, ಅದನ್ನ ಬಿಡಿಸೋ ಕೆಲಸಕ್ಕೆ ಒಂದು ವಾರ ಮೊದಲೇ ದಿನ ಇಟ್ಟುಕೊಳ್ಳಿ. ಹಿಂದೆ ನೀರು ಚಿಮುಕಿಸಿ ಒರಳಲ್ಲಿ ಹಾಕಿ ಒನಕೆಯಿಂದ ಕುಟ್ಟಿ ಮೊರದಲ್ಲಿ ಕೇರ್ತಿದ್ರು. ಈಗ ಗಿರಣಿಯಲ್ಲಿ ಆಗ್ತದೆ, ಆದರೂ ಕೇರೋದು ತಪ್ಪಿಲ್ಲ.

ಬದನೆ ಸಸಿಯನ್ನ ಫೆಬ್ರುವರಿ ಮೊದಲ ವಾರ ನಾಟಿ ಮಾಡಿದ್ರೆ ಏಪ್ರಿಲ್ ಮಧ್ಯಕ್ಕೆ ಕಾಯಿ ಹಿಡೀತದೆ. ಎಣ್ಣಗಾಯಿಗೆ ದುಂಡನೆ ಸಣ್ಣ ಕಾಯಿ ಬೇಕು, ಮಂಜರಿ ಗೋಟಾದಂಥದ್ದನ್ನ ಎಳೇದಿದ್ದಾಗ ಕೊಯ್ದರೆ ಆಗ್ತದೆ. ಕೊತ್ತಂಬರಿ ಮದುವೆಗೆ 40 ದಿನ ಮೊದಲು, ಸೌತೆ 50 ದಿನ ಮೊದಲು ಬಿತ್ತಿದ್ವಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಬದನೆಗೆ ಕಾಯಿಕೊರಕ ಬಂದೇ ಬರ್ತದೆ, ನಾವು ಔಷಧಿ ಹೊಡೆದೇ ಹೊಡೀತೀವಿ. ಪ್ರತಿ ಔಷಧಿಯ ಲೇಬಲ್ ಮೇಲೆ ಸಿಂಪರಣೆ ಆದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು ಅಂತ ಬರೆದಿರ್ತದೆ. ಮಾರ್ಕೆಟ್ಟಿಗೆ ಕಳಿಸೋವಾಗ ಅದನ್ನ ಓದದವರೂ ಬೀಗರಿಗೆ ಬಡಿಸೋವಾಗಾದರೂ ಓದ್ತಾರೆ ಅಂದುಕೊಂಡಿದ್ದೀನಿ. ಸಿಂಪರಣೆ ಮಾಡಿದ ದಿನ ಲೇಬಲ್ಲಿನ ಫೋಟೋ ತೆಗೆದು ಫೋನಲ್ಲಿ ಇಡಿ, ಕೊಯ್ಲಿನ ದಿನಕ್ಕೆ ಅಲಾರಾಂ ಇಡಿ. ಕಾಳು ಇಟ್ಟ ಕೋಣೆಗೆ ನುಸಿಗೆ ಅಂತ ವಿಷದ ಗುಳಿಗೆ ಹಾಕಬೇಡಿ. ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಇಟ್ಟರೆ ಎರಡು ತಿಂಗಳಿಗೆ ಏನೂ ಆಗೋದಿಲ್ಲ. ಇನ್ನು ಖಾಲಿ ಯೂರಿಯಾ ಚೀಲದಲ್ಲಿ ಅಕ್ಕಿ ತುಂಬೋದು, ಔಷಧಿ ಬಂದ ಡ್ರಮ್ಮಿನಲ್ಲಿ ನೀರು ತುಂಬೋದು ಹಳ್ಳಿಯಲ್ಲಿ ಇನ್ನೂ ನಡೀತದೆ. ಎಷ್ಟು ಸಲ ತೊಳೆದರೂ ಅವನ್ನ ಊಟದ ಹತ್ತಿರ ತರಬಾರದು. ನಾವು ಅಂಥವನ್ನೆಲ್ಲ ಒಂದು ಕೋಣೆಗೆ ಹಾಕಿ ಮದುವೆ ಮುಗಿಯೋತನಕ ಕೀಲಿ ಹಾಕಿಬಿಟ್ವಿ. ಗದ್ದಲದಲ್ಲಿ ಯಾರು ಯಾವ ಡ್ರಮ್ ಎತ್ತುತ್ತಾರೋ ಹೇಳಕ್ಕಾಗಲ್ಲ.

ಮೆನು, ಅಳತೆ

ನಾವು ಇಟ್ಟಿದ್ದು ಇಷ್ಟೇ: ಗೋಧಿ ಹುಗ್ಗಿ ಹಾಲು-ತುಪ್ಪ, ಖಡಕ್ ರೊಟ್ಟಿ, ಬದನೆಕಾಯಿ ಎಣ್ಣಗಾಯಿ, ಮಡಿಕೆಕಾಳಿನ ಪಲ್ಲೆ, ಶೇಂಗಾ ಚಟ್ನಿ, ಸೌತೆಕಾಯಿ-ಉಳ್ಳಾಗಡ್ಡಿ ಪಚಡಿ, ಅನ್ನ, ಸಾರು, ಮಜ್ಜಿಗೆ. ಹಪ್ಪಳ-ಸಂಡಿಗೆ ಬೇಸಿಗೆಯಲ್ಲಿ ಮನೆಯಲ್ಲೇ ಆಗಿದ್ದವು. ಈ ಪಟ್ಟಿಯನ್ನ ಒಮ್ಮೆ ನೋಡಿ. ರೊಟ್ಟಿ, ಚಟ್ನಿ, ಹಪ್ಪಳ ಮೂರೂ ವಾರಗಟ್ಟಲೆ ಕೆಡದೇ ಇರೋವು. ಹುಗ್ಗಿ ಕುದಿಯುತ್ತಾ ಇದ್ದಷ್ಟೂ ರುಚಿ. ಆವತ್ತೇ ಮಾಡಿ ಆವತ್ತೇ ಖಾಲಿ ಮಾಡಬೇಕಾದ್ದು ಪಲ್ಲೆ, ಪಚಡಿ, ಅನ್ನ, ಸಾರು, ಮಜ್ಜಿಗೆ ಮಾತ್ರ. ನಮ್ಮ ಹಿರಿಯರು ಫ್ರಿಜ್ ಇಲ್ಲದ ಕಾಲಕ್ಕೆ ಕಟ್ಟಿದ ಊಟ ಇದು. ಪನೀರ್, ಖೋವಾ, ಕೆನೆಯ ಪದಾರ್ಥ ಬೇಡ ಅಂದಿದ್ದು ಹಳ್ಳಿ ಅಭಿಮಾನದಿಂದಲ್ಲ. ಏಪ್ರಿಲ್ ಕೊನೆಯ ನಮ್ಮ ಬಿಸಿಲಿನಲ್ಲಿ ಅವು ಒಂದು ಹೊತ್ತೂ ತಾಳೋದಿಲ್ಲ.

800 ಮಂದಿಗೆ ನಾವು ಹಿಡಿದ ಅಳತೆ ಹೀಗಿತ್ತು. ಹುಗ್ಗಿಗೆ ತಲೆಗೆ 45 ಗ್ರಾಮಿನಂತೆ ಸಿಪ್ಪೆ ತೆಗೆದ ಗೋಧಿ 36 ಕಿಲೋ, ಬೆಲ್ಲ 40 ಕಿಲೋ. ತಲೆಗೆ ಎರಡು ರೊಟ್ಟಿ, ಒಟ್ಟು 1,600. ತೆಳ್ಳಗೆ ಬಡಿದರೆ ಕಿಲೋ ಹಿಟ್ಟಿಗೆ 20 ರೊಟ್ಟಿ, ಹಾಗಾಗಿ 80 ಕಿಲೋ ಜೋಳ. ಅಕ್ಕಿ ತಲೆಗೆ 80 ಗ್ರಾಮ್, 64 ಕಿಲೋ. ರೊಟ್ಟಿ, ಹುಗ್ಗಿ ಇದ್ದಲ್ಲಿ ಅನ್ನ ಇಷ್ಟು ಸಾಕು. ಬರೀ ಅನ್ನದ ಊಟಕ್ಕೆ ಈ ಲೆಕ್ಕ ನಡೆಯೋದಿಲ್ಲ. ತೊಗರಿಬೇಳೆ 20 ಕಿಲೋ, ಮಡಿಕೆಕಾಳು 20 ಕಿಲೋ, ಬದನೆ 60 ಕಿಲೋ. ಎಣ್ಣಗಾಯಿ ಮಸಾಲೆಗೂ ಚಟ್ನಿಗೂ ಸೇರಿ ಶೇಂಗಾ 25 ಕಿಲೋ. ಎಣ್ಣೆ 30 ಕಿಲೋ, ತುಪ್ಪ 8 ಕಿಲೋ, ಹಾಲು 30 ಲೀಟರ್, ಮೊಸರು 30 ಲೀಟರ್.

ಬೆಲ್ಲದ ಬಗ್ಗೆ ಒಂದು ಮಾತು. ಹಳದಿಯಾಗಿ ಹೊಳೆಯೋ ಬೆಲ್ಲ ನೋಡಲಿಕ್ಕೆ ಚಂದ, ಆದರೆ ಆ ಬಣ್ಣ ಹೆಚ್ಚಾಗಿ ಹೈಡ್ರೋಸ್ ಪುಡಿಯದ್ದು. ಗಾಣದ ಮನೆಗೆ ಹೋಗಿ ಕಂದು ಬೆಲ್ಲ ಹೇಳಿ ಮಾಡಿಸಿದ್ವಿ. ಬೆಲ್ಲವನ್ನ ನೇರ ಡಬರಿಗೆ ಹಾಕದೆ ಮೊದಲು ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಬೇಕು, ತಳದಲ್ಲಿ ಉಸುಕು ಕೂತಿರ್ತದೆ. ಇನ್ನೊಂದು: ಗೋಧಿ ಪೂರ್ತಿ ಮೆತ್ತಗಾದ ಮೇಲೇ ಬೆಲ್ಲ ಬೀಳಬೇಕು. ಬೆಲ್ಲ ಬಿದ್ದ ಮೇಲೆ ಕಾಳು ಮುಂದೆ ಬೇಯೋದಿಲ್ಲ, ಎಷ್ಟು ಕಟ್ಟಿಗೆ ಉರಿಸಿದರೂ ಅಷ್ಟೇ.

ನಲವತ್ತು ಮನೆಯ ರೊಟ್ಟಿ

1,600 ರೊಟ್ಟಿಯನ್ನ ಒಂದೇ ಮನೆಯಲ್ಲಿ ಬಡಿಯೋದು ಆಗದ ಮಾತು. ಇದಕ್ಕೆ ದಾರಿ ಹುಡುಕಲಿಕ್ಕೆ ದೂರ ಹೋಗಬೇಕಾಗಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ, ಮಾದಲಿ ಬರೋದನ್ನ ನೀವೂ ಫೋನಲ್ಲಿ ನೋಡಿರ್ತೀರಿ. ಲಕ್ಷಗಟ್ಟಲೆ ಮಂದಿಯ ದಾಸೋಹ ನಡೆಯೋದು ಹಾಗೆ. ಗದಗ ಜಿಲ್ಲೆಯ ಡಂಬಳದ ತೋಂಟದಾರ್ಯ ಮಠದಲ್ಲಿ ರೊಟ್ಟಿ ಜಾತ್ರೆ ಅಂತಲೇ ಮಾಡ್ತಾರೆ. ಅಲ್ಲಿ ಯಾರೂ ಒಂದೇ ಒಲೆಗೆ ಎಲ್ಲ ಭಾರ ಹಾಕೋದಿಲ್ಲ. ಒಂದೊಂದು ಮನೆಗೆ ಒಂದೊಂದು ಪಾಲು.

ನಾವು ಅದನ್ನೇ ಸಣ್ಣದಾಗಿ ಮಾಡಿದ್ವಿ. 40 ಮನೆ, ಮನೆಗೆ 2 ಕಿಲೋ ಹಿಟ್ಟು, 40 ರೊಟ್ಟಿ. ಹಿಟ್ಟು ಬೀಸಿಸಿದ್ದು ಕೊಡೋ ಹಿಂದಿನ ದಿನ. ಜೋಳದ ಹಿಟ್ಟು ಹಳೇದಾದಷ್ಟೂ ಜಿಗುಟು ಹೋಗಿ ಬಡಿಯೋವಾಗ ಒಡೀತದೆ. ನನ್ನಾಕೆ, ನನ್ನ ತಂಗಿ ಇಬ್ಬರೂ ಕೂಡಿ ಫೋನಿನ ಶೀಟಿನಲ್ಲಿ ಮನೆಯ ಹೆಸರು, ಹಿಟ್ಟು ಕೊಟ್ಟ ದಿನ, ರೊಟ್ಟಿ ಬಂದ ದಿನ, ಎಣಿಕೆ ಬರೆದರು. ಮದುವೆಗೆ ಐದು ದಿನ ಮೊದಲೇ 1,600 ರೊಟ್ಟಿ ನಮ್ಮ ಅಟ್ಟದ ಮೇಲೆ ಬಿಳಿ ಪಂಚೆ ಹೊದ್ದು ಕೂತಿದ್ದವು. ಖಡಕ್ ರೊಟ್ಟಿಗೆ ತೇವ ಒಂದೇ ವೈರಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಬಿಸಿ ತುಂಬಿದರೆ ಬೂಸು ಹಿಡೀತದೆ. ಪೂರ್ತಿ ಆರಿಸಿ, ಬಿದಿರಿನ ಬುಟ್ಟಿಯಲ್ಲಿ ಬಟ್ಟೆ ಹಾಸಿ ಇಡಿ.

ಈಗ ದುಡ್ಡಿನ ಮಾತು. ಮನೆಯಡುಗೆ ಅಗ್ಗ ಅಂತ ಹೇಳೋ ಗಂಡಸರು ಬಹಳ ಸಲ ಹೆಂಗಸರ ದುಡಿಮೆಗೆ ಸೊನ್ನೆ ಬರೆದಿರ್ತಾರೆ. 40 ರೊಟ್ಟಿ ಬಡಿಯೋದಂದರೆ ಬೇಸಿಗೆಯಲ್ಲಿ ಒಲೆಯ ಮುಂದೆ ಮೂರು ತಾಸು. ನಾವು ರೊಟ್ಟಿಗೆ 4 ರೂಪಾಯಿಯಂತೆ ಇಟ್ಟು, ಯುಪಿಐ ಇದ್ದವರಿಗೆ ಫೋನಿಗೇ ಹಾಕಿದ್ವಿ. ಗಂಡನ ಫೋನಿಗಲ್ಲ, ಬಡಿದವರ ಫೋನಿಗೆ. ಕೆಲವರು ತಗೊಳ್ಳಲಿಲ್ಲ. ಓಣಿಯ ಒಬ್ಬ ಚಿಗವ್ವ ಅಂದಳು: "ನಿನ್ನ ರೊಕ್ಕ ನನಗ್ಯಾಕೋ ಯಪ್ಪಾ, ಮುಂದಿನ ವರ್ಷ ನಮ್ಮ ಹುಡಗಿ ಮದವಿಗೆ ನಿನ್ನ ಹೆಂಡ್ತಿನ್ನ ರೊಟ್ಟಿ ಬಡಿಯಾಕ ಕಳಸು." ಅದು ಮುಯ್ಯಾಳಿನ ಲೆಕ್ಕ, ಕಳೆ ತೆಗೆಯೋವಾಗ ಹೊಲದಲ್ಲಿ ನಡೆಯೋದೇ ಇಲ್ಲೂ ನಡೀತು. ಅವಳ ಹೆಸರಿನ ಮುಂದೆ ಶೀಟಿನಲ್ಲಿ "ಬಾಕಿ" ಅಂತ ಬರೆದಿದೆ, ಇನ್ನೂ ಅಳಿಸಿಲ್ಲ. ಈ ವರ್ಷ ತೀರ್ತದೆ.

ಒಲೆ, ಗಾಳಿ, ಬಣವೆ

ಮದುಮಗ ಒಲೆಯ ಹತ್ತಿರ ಹೋಗೋ ಹಾಗಿಲ್ಲ, ಹೋಗಲೂಬಾರದು. ಎಲ್ಲದಕ್ಕೂ ಉಸ್ತುವಾರಿ ಒಬ್ಬರೇ ಇರಬೇಕು. ಜಾತ್ರೆಯ ದಾಸೋಹದಲ್ಲಿ ಡಬರಿ ಮುಂದೆ ನಿಂತು ಕೈ ಪಳಗಿದ ಅಜ್ಜಾರು ಒಬ್ಬರನ್ನ, ಅವರ ಕೈಕೆಳಗೆ ಇಬ್ಬರನ್ನ 12,000ಕ್ಕೆ ಗೊತ್ತು ಮಾಡಿದ್ವಿ. ಅವರ ಮೊದಲ ಶರತ್ತು: "ಒಲಿ ಹತ್ರ ನನ್ನ ಮಾತ ನಡೀಬೇಕು, ಬೀಗರ ಬಂದು ಉಪ್ಪ ಕಡಿಮಿ ಅಂದ್ರ ನಾ ಹೊಂಟೆ."

ಕಣದಲ್ಲಿ ಅಡುಗೆ ಅಂದರೆ ಬೆಂಕಿಯ ಭಯ. ಏಪ್ರಿಲ್‌ನಲ್ಲಿ ಎಲ್ಲರ ಕಣದಲ್ಲೂ ಕಣಿಕೆ ಬಣವೆ, ಹೊಟ್ಟಿನ ಗುಂಪಿ ಇರ್ತವೆ. ಒಂದು ಕಿಡಿ ಸಾಕು, ವರ್ಷದ ಮೇವು ಹೋಯ್ತು. ಬಣವೆಯಿಂದ ನೂರು ಅಡಿಗಿಂತ ಹೆಚ್ಚು ದೂರಕ್ಕೆ, ಗಾಳಿ ಬಣವೆಯ ಕಡೆ ಬೀಸದ ದಿಕ್ಕಿಗೆ ತೆಗ್ಗು ತೋಡಿ ಒಲೆ ಹೂಡಿದ್ವಿ. ಎರಡು ಡ್ರಮ್ ನೀರು, ಹಸಿ ಮಾಡಿದ ಗೋಣಿಚೀಲ, ಉಸುಕು ಪಕ್ಕದಲ್ಲೇ. ಹುಗ್ಗಿಗೆ, ಸಾರಿಗೆ ಜಾಲಿ ಕಟ್ಟಿಗೆ. ಅನ್ನಕ್ಕೆ, ಪಲ್ಲೆಗೆ ಗ್ಯಾಸು. ಗ್ಯಾಸಿಗೆ 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ತನ್ನಿ. ಮನೆಯ 14.2 ಕಿಲೋದ್ದು ಮನೆಯ ಅಡುಗೆಗೆ ಮಾತ್ರ.

ಆವತ್ತು ಮಧ್ಯಾಹ್ನ ನಾಲ್ಕಕ್ಕೆ ಮೋಡ ಕಟ್ಟಿ ದೂಳು ಗಾಳಿ ಎದ್ದಿತು. ನಮ್ಮ ಕಡೆ ಮುಂಗಾರು ಪೂರ್ವದ ಅಡ್ಡಮಳೆ ಹೊತ್ತು ಕೇಳಿ ಬರೋದಿಲ್ಲ. ಹಂದರದ ಒಂದು ಬದಿ ಹಾರಿತು, ಕರೆಂಟು ಹೋಯ್ತು. ಒಲೆಯ ಮೂರೂ ಕಡೆ ಮೊದಲೇ ತಗಡು ನಿಲ್ಲಿಸಿದ್ದರಿಂದ, ಮೇಲೆ ಎತ್ತರಕ್ಕೆ ತಗಡಿನ ಚಪ್ಪರ ಇದ್ದುದರಿಂದ ಅಡುಗೆಗೆ ಏನೂ ಆಗಲಿಲ್ಲ. ಬಾಡಿಗೆ ಜನರೇಟರ್ ಇತ್ತು. ಅಜ್ಜಾರು ಮಾತ್ರ ಹುಗ್ಗಿಯ ಮುಚ್ಚಳದ ಮೇಲೆ ಕಲ್ಲಿಟ್ಟು ಬೀಡಿ ಹಚ್ಚಿ, ಒಲೆಯಿಂದ ದೂರ ಹೋಗಿ ಕೂತರು.

ಹೊತ್ತಿನ ಲೆಕ್ಕವೇ ಆರೋಗ್ಯದ ಲೆಕ್ಕ

ಮದುವೆ ಊಟ ಉಂಡು ವಾಂತಿ-ಭೇದಿ ಆದ ಸುದ್ದಿ ಪ್ರತಿ ಬೇಸಿಗೆ ಪೇಪರಿನಲ್ಲಿ ಬರ್ತದೆ. ಬಹಳ ಸಲ ಕಾರಣ ವಿಷವೂ ಅಲ್ಲ, ಕೆಟ್ಟ ಎಣ್ಣೆಯೂ ಅಲ್ಲ. ಬೆಳಿಗ್ಗೆ ಮಾಡಿದ್ದನ್ನ ಸಂಜೆತನಕ ಉಗುರುಬೆಚ್ಚಗೆ ಇಟ್ಟಿದ್ದು. ಬೇಯಿಸಿದ ಆಹಾರ ಸುಡುಸುಡು ಇರಬೇಕು, ಅಂದರೆ 60 ಡಿಗ್ರಿಗೆ ಮೇಲೆ. ಇಲ್ಲಾಂದ್ರೆ ಫ್ರಿಜ್ಜಿನ ತಂಪು, 5 ಡಿಗ್ರಿಗೆ ಕೆಳಗೆ. ಇವೆರಡರ ನಡುವೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಅನ್ನ ಇನ್ನೂ ಮೋಸ. ಅಕ್ಕಿಯಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯೋದಿಲ್ಲ. ಅನ್ನ ಬೆಚ್ಚಗೆ ಬಿದ್ದಿದ್ದರೆ ಅವು ಬೆಳೆದು ವಿಷ ಬಿಡ್ತವೆ, ಆಮೇಲೆ ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗೋದಿಲ್ಲ.

ಅದಕ್ಕೇ 64 ಕಿಲೋ ಅಕ್ಕಿಯನ್ನ ಒಂದೇ ಸಲ ಬೇಯಿಸಲಿಲ್ಲ. ಒಂದು ಪಂಕ್ತಿಗೆ 200 ಮಂದಿ, ನಾಲ್ಕು ಪಂಕ್ತಿ, ಪಂಕ್ತಿಗೆ 16 ಕಿಲೋ ಅಕ್ಕಿ. ಮೊದಲ ಪಂಕ್ತಿ ಕೂತಾಗ ಎರಡನೇ ಪಂಕ್ತಿಯ ಅನ್ನ ಒಲೆಯ ಮೇಲೆ. ಹುಗ್ಗಿಯ ಗೋಧಿ ಹಿಂದಿನ ರಾತ್ರಿ ನೆನೆ ಹಾಕಿ, ಬೆಳಿಗ್ಗೆ 9ಕ್ಕೆ ಒಲೆಗೇರಿಸಿ, 3ಕ್ಕೆ ಬೆಲ್ಲ ಬಿದ್ದು, 5ಕ್ಕೆ ಕೆಂಡದ ಮೇಲೆ. ಆಮೇಲೆ ಕಡೇ ಪಂಕ್ತಿತನಕ ಕೆಂಡದ ಮೇಲಿಂದ ಇಳಿಸಲಿಲ್ಲ. ಹುಗ್ಗಿಗೆ ಹಾಲನ್ನ ಡಬರಿಗೆ ಹಾಕದೆ, ಕಾಸಿದ್ದನ್ನ ಎಲೆಗೇ ಬಡಿಸಿದ್ವಿ. ಎಣ್ಣಗಾಯಿ ಎರಡು ಕಂತಿನಲ್ಲಿ, ಸಂಜೆ 5ಕ್ಕೆ ಒಂದು, 7ಕ್ಕೆ ಒಂದು. ಅದರ ಒಣ ಮಸಾಲೆ ಎರಡು ದಿನ ಮೊದಲೇ ಕುಟ್ಟಿ ಆಗಿತ್ತು, ಉಳ್ಳಾಗಡ್ಡಿ ಮಾತ್ರ ಆವತ್ತು ಸೇರಿದ್ದು. ಪಚಡಿ ಪಂಕ್ತಿಗೊಮ್ಮೆ ಹೆಚ್ಚಿದ್ದು. 6:30ಕ್ಕೆ ಮೊದಲ ಪಂಕ್ತಿ, 9:15ಕ್ಕೆ ಕಡೆಯದ್ದು ಎದ್ದಿತು. ಈ ಹೊತ್ತುಗಳನ್ನೆಲ್ಲ ತಮ್ಮನ ಫೋನಿನಲ್ಲಿ ಅಲಾರಾಂ ಇಟ್ಟಿದ್ವಿ. ಫೋನು ಹಾಡು ಹಚ್ಚಿದಾಗೊಮ್ಮೆ ಅಜ್ಜಾರು "ನಿನ್ನ ಗಡಿಯಾರಕ್ಕಿಂತ ನನ್ನ ಮೂಗು ಶ್ಯಾಣ್ಯಾ ಐತಿ" ಅಂತಿದ್ರು. ಎರಡೂ ಇದ್ದದ್ದು ಒಳ್ಳೇದಾಯ್ತು.

ಮಜ್ಜಿಗೆ ಹಾಳಾಗೋದು ನೀರಿನಿಂದ, ಐಸಿನಿಂದ. ಮೀನು-ಮಾಂಸ ತಂಪು ಮಾಡೋ ಐಸ್ ಗಡ್ಡೆ ಕುಡಿಯೋ ನೀರಿನದ್ದಲ್ಲ, ಅದನ್ನ ಗುರುತಿಸಲಿಕ್ಕೆ ನೀಲಿ ಬಣ್ಣ ಹಾಕಬೇಕು ಅಂತ ನಿಯಮ ಇದೆ. ಬಣ್ಣ ಇಲ್ಲ ಅಂತ ನಂಬಿ ಮಜ್ಜಿಗೆಗೆ ಹಾಕಬೇಡಿ. ಐಸನ್ನ ಹೊರಗಿನ ಪರಾತದಲ್ಲಿಟ್ಟು ಅದರೊಳಗೆ ಮಜ್ಜಿಗೆ ಪಾತೇಲಿ ಇಡಿ. ಮಜ್ಜಿಗೆಗೆ ಶುದ್ಧ ನೀರಿನ ಘಟಕದ ನೀರು, ಕೈ-ಪಾತ್ರೆ ತೊಳೆಯಲಿಕ್ಕೆ ಟ್ಯಾಂಕರ್ ನೀರು, ಎರಡಕ್ಕೂ ಬೇರೆ ಡ್ರಮ್, ಮೇಲೆ ಬಣ್ಣದಲ್ಲಿ ಬರೆದು. ವಾಂತಿ-ಭೇದಿ ಆದವರು, ಕೈಯಲ್ಲಿ ಗಾಯ ಇದ್ದವರು ಎಷ್ಟೇ ಹತ್ತಿರದವರಾದರೂ ಅಡುಗೆ, ಬಡಿಸೋದು ಎರಡರಿಂದಲೂ ದೂರ. ಪ್ರತಿ ಪದಾರ್ಥದ ಒಂದೊಂದು ಡಬ್ಬಿಯನ್ನ ಫ್ರಿಜ್ಜಿನಲ್ಲಿ ಎರಡು ದಿನ ಇಟ್ಟಿದ್ವಿ. ಯಾರಿಗಾದರೂ ತ್ರಾಸಾದರೆ ಏನರಿಂದ ಅಂತ ಪತ್ತೆ ಹಚ್ಚಲಿಕ್ಕೆ ಅದೊಂದೇ ದಾರಿ.

ಕೊನೆಗೆ ಬಂದ ಮೊತ್ತ

ಮನೆಯ ಕಾಳಿಗೂ ಪೇಟೆ ದರ ಹಿಡಿದೇ ಲೆಕ್ಕ ಬರೆದಿದ್ದೀನಿ. ಮಾರಿದ್ದರೆ ಬರ್ತಿದ್ದ ದುಡ್ಡು ಅದು, ಪುಕ್ಕಟೆ ಅಂತ ಬಿಟ್ಟರೆ ನಮಗೆ ನಾವೇ ಮೋಸ ಮಾಡಿಕೊಂಡಂಗ. ಕಾಳು, ಬೆಲ್ಲ, ಎಣ್ಣೆ, ತುಪ್ಪ, ಹಾಲು, ಮಸಾಲೆ ಎಲ್ಲ ಸೇರಿ 42,000. ಅಡುಗೆಯವರಿಗೆ 12,000. ರೊಟ್ಟಿ ಬಡಿದವರಿಗೆ 6,400, ಬೇಡ ಅಂದವರದ್ದೂ ಸೇರಿಸಿ. ಪಾತ್ರೆ ಬಾಡಿಗೆ 5,000. ಗ್ಯಾಸು, ಕಟ್ಟಿಗೆ 6,800. ನೀರು 1,500. ಎಲೆ 4,500. ಪಾತ್ರೆ ತೊಳೆದವರಿಗೆ 3,000. ಒಟ್ಟು 81,200. ತಾಟಿಗೆ ಸುಮಾರು 101 ರೂಪಾಯಿ. ಕೇಟರಿಂಗಿಗಿಂತ 62,800 ಕಡಿಮೆ. ಅಷ್ಟನ್ನ ಕೈಗಡ ತಂದಿದ್ದರೆ ತಿಂಗಳಿಗೆ 1,884 ರೂಪಾಯಿ ಬರೀ ಬಡ್ಡಿ. ಹಂದರ, ಜನರೇಟರ್ ಎರಡೂ ಕಡೆ ಬೇಕಾಗಿದ್ದವು, ಹಾಗಾಗಿ ಬಿಟ್ಟಿದ್ದೀನಿ. ಬಡಿಸಿದ್ದು ಗೆಳೆಯರು. ಅವರಿಗೆ ದುಡ್ಡು ಕೊಟ್ಟಿಲ್ಲ, ಅವರ ಮದುವೆಗಳಲ್ಲಿ ಬಕೆಟ್ ಹಿಡಿದು ತೀರಿಸ್ತಾ ಇದ್ದೀನಿ. ಮನೆಯವರದ್ದು ಹತ್ತು ದಿನದ ಓಡಾಟ ಇದರಲ್ಲಿ ಬಂದಿಲ್ಲ. ಆ ಹತ್ತು ದಿನ ಇಲ್ಲದವರು, ಕೈಜೋಡಿಸೋ ಓಣಿ ಇಲ್ಲದವರು ಕೇಟರಿಂಗ್ ಮಾಡಿಸೋದೇ ಮೇಲು. ಮಾಡಿಸೋದಾದರೆ ಅವರ ಎಫ್‌ಎಸ್‌ಎಸ್‌ಎಐ ನಂಬರ್ ಕೇಳಿ, 14 ಅಂಕೆ ಇರ್ತದೆ.

ಉಳಿದದ್ದು, ದನ

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಸುಮಾರು 2012ರಲ್ಲಿ ಅಲ್ಲಿನ 75 ಕಲ್ಯಾಣ ಮಂಟಪಗಳನ್ನ ನೋಡಿ ಲೆಕ್ಕ ಹಾಕಿದಾಗ, ಆ ನಗರದ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಆಹಾರ ದಂಡ ಆಗ್ತದೆ ಅಂತ ಗೊತ್ತಾಯ್ತು. ಬೆಳೆದವರಿಗೆ ಈ ಅಂಕಿ ಬೇರೆ ಥರ ಕೇಳಿಸ್ತದೆ. ನಮ್ಮಲ್ಲಿ ಬಡಿಸೋರಿಗೆ ಹೇಳಿದ್ದು ಒಂದೇ: ಮೊದಲ ಸಲ ಅರ್ಧ ಸೌಟು, ಎರಡನೇ ಸಲ ಕೇಳಿ, ಮೂರನೇ ಸಲಾನೂ ಕೇಳಿ. ಉಳಿದ ರೊಟ್ಟಿ 200ರ ಹತ್ತಿರ, ಅವು ಎಲ್ಲೂ ಹೋಗಲಿಲ್ಲ, ತಿಂಗಳು ತಿಂದ್ವಿ. ಎಲೆಗೆ ಮುತ್ತಲದ ಪತ್ರಾವಳಿ. ಪ್ಲಾಸ್ಟಿಕ್ ತಾಟು, ಥರ್ಮಾಕೋಲ್ ತಟ್ಟೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ, ಆದರೂ ಅಂಗಡಿಯಲ್ಲಿ ಸಿಗ್ತವೆ. ಪತ್ರಾವಳಿ ನೇರ ತಿಪ್ಪೆಗೆ ಹೋಗಿ ಗೊಬ್ಬರ ಆಯ್ತು.

ಆದರೆ ಆ ತಿಪ್ಪೆಗೆ ದನ ಬಿಡಬೇಡಿ. ಮದುವೆ ಮರುದಿನ ಉಳಿದ ಅನ್ನ, ಹುಗ್ಗಿಯನ್ನ ಬುಟ್ಟಿಗಟ್ಟಲೆ ದನದ ಮುಂದೆ ಸುರಿಯೋದು ನಮ್ಮಲ್ಲಿ ಪುಣ್ಯದ ಕೆಲಸ ಅನ್ನಿಸಿಕೊಂಡಿದೆ. ಒಮ್ಮೆಲೇ ಅಷ್ಟು ಅನ್ನ, ಬೆಲ್ಲ ತಿಂದರೆ ದನದ ಹೊಟ್ಟೆಯೊಳಗೆ ಆಮ್ಲ ಏರ್ತದೆ, ಮೆಲುಕು ನಿಲ್ತದೆ, ಹೊಟ್ಟೆ ಉಬ್ಬಿ ಎರಡು ದಿನದಲ್ಲಿ ಸಾಯಲೂಬಹುದು. ಹಬ್ಬ-ಮದುವೆ ಆದ ಮೇಲೆ ಪಶುವೈದ್ಯರಿಗೆ ಇಂಥ ಕೇಸು ಹೊಸದಲ್ಲ. ಉಳಿದ ಅನ್ನವನ್ನ ಗುಂಡಿ ತೆಗೆದು ಸಗಣಿ-ಕಸದ ಜೊತೆ ಮುಚ್ಚಿ. ಯಾವುದಾದರೂ ದನ ಕದ್ದು ತಿಂದು ಮೆಲುಕು ಬಿಟ್ಟರೆ ಮನೆಮದ್ದು ಅಂತ ಕೂಡಬೇಡಿ, 1962ಕ್ಕೆ ಫೋನ್ ಮಾಡಿ.

ಮುನವಳ್ಳಿ ಕಡೆಯ ಗೆಳೆಯನೊಬ್ಬ ಮೊನ್ನೆ ನಮ್ಮ ಶೀಟನ್ನ ವಾಟ್ಸಪ್‌ನಲ್ಲಿ ಕೇಳಿ ತರಿಸಿಕೊಂಡಿದ್ದಾನೆ. ಅವನದ್ದು 1,500 ಮಂದಿಯ ಮದುವೆ. ನಾನು ಹೇಳಿದ್ದು: ಸಾವಿರದ ಒಳಗೆ ಇದ್ದರೆ ಈ ಲೆಕ್ಕ ಹಾಗೇ ನಡೀತದೆ, ಅದರ ಮೇಲಾದರೆ ಅನ್ನ-ಸಾರನ್ನ ಹೊರಗಿನವರಿಗೆ ಕೊಡು, ಹುಗ್ಗಿ-ರೊಟ್ಟಿ ನಿನ್ನ ಕೈಯಲ್ಲಿ ಇಟ್ಟುಕೋ. ಜವೆ ಗೋಧಿ ಬೀಜ ಈಗಲೇ ಹುಡುಕು, ಅಕ್ಟೋಬರ್ ಹತ್ತಿರ ಬಂತು.